₹1,200ರೊಳಗೆ ಒಳ್ಳೆ ವೈಟ್ ವೈನ್: ಬೆಂಗಳೂರಿನಲ್ಲಿ ಯಾವುದು ತಗೊಳ್ಳೋದು?

ಹೊಸಮನೆ_ಬನಶಂಕರಿ:

ಮುಂದಿನ ತಿಂಗಳು ಮನೆಯಲ್ಲಿ ಊಟ ಇಟ್ಟುಕೊಂಡಿದ್ದೇವೆ. ಒಟ್ಟು ಹದಿನಾಲ್ಕು ಜನ, ವೈನ್ ತಗೊಳ್ಳುವವರು ಒಂಬತ್ತು. ಅಡುಗೆ ಮಂಗಳೂರು ಕಡೆಯದು: ಕಾಣೆ ರವಾ ಫ್ರೈ, ಸಿಗಡಿ ಘೀ ರೋಸ್ಟ್, ಕೋಳಿ ಗಸಿ, ನೀರ್‌ದೋಸೆ. ಮಾಂಸ ತಿನ್ನದವರಿಗೆ ಅಣಬೆ ಸುಕ್ಕ, ಕೋಸಂಬರಿ. ವೈಟ್ ಮಾತ್ರ ಸಾಕು, ಬಾಟಲಿಗೆ ₹1,200 ದಾಟಬಾರದು.

ಅಂಗಡಿಯಲ್ಲಿ ಶೆನಿನ್ ಬ್ಲಾಂ, ಸೋವಿನ್ಯೋಂ ಬ್ಲಾಂ, ಶಾರ್ಡನೇ, ವಿಯೋನ್ಯೇ ಅಂತ ನಾಲ್ಕೈದು ದ್ರಾಕ್ಷಿಯ ಹೆಸರು ಕಾಣುತ್ತವೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಯಾವುದನ್ನು ಆರಿಸಬೇಕು? ಇನ್ನೊಂದು, ಒಂದೇ ಕಂಪನಿಯ ಒಂದೇ ವೈನ್ ಒಂದು ಅಂಗಡಿಯದು ಚೆನ್ನಾಗಿರುತ್ತೆ, ಇನ್ನೊಂದು ಅಂಗಡಿಯದು ಹಳದಿಗಟ್ಟಿ ಕೊಳೆತ ಸೇಬಿನ ವಾಸನೆ ಬರುತ್ತೆ. ಯಾಕೆ ಹೀಗೆ? ಆಮದು ವೈನ್ ತಗೊಂಡ್ರೆ ಈ ತೊಂದರೆ ತಪ್ಪುತ್ತಾ?

ಚಕ್ಕೋತ:

ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೇನೆ. ಆಮದು ವೈನಿನಿಂದ ಆ ತೊಂದರೆ ತಪ್ಪುವುದಿಲ್ಲ, ಈ ಬೆಲೆಯಲ್ಲಿ ದುಡ್ಡಿಗೆ ತಕ್ಕ ವೈನೂ ಸಿಗಲ್ಲ. ಆಮದು ವೈನಿನ ಮೇಲೆ ಬಹಳ ವರ್ಷಗಳ ಕಾಲ ಇದ್ದ ಕಸ್ಟಮ್ಸ್ ಸುಂಕ 150%. 2022ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ ಅಲ್ಲಿನ ವೈನಿಗೆ ಅದನ್ನು ಇಳಿಸಿತು ನಿಜ, ಆದರೆ ಆಮದು ಬೆಲೆ ಬಾಟಲಿಗೆ ಕನಿಷ್ಠ 5 ಡಾಲರ್ ಇರುವ ವೈನಿಗೆ ಮಾತ್ರ. ಅದಕ್ಕಿಂತ ಅಗ್ಗದ್ದಕ್ಕೆ ಆ ರಿಯಾಯಿತಿ ಇಲ್ಲ. ಸುಂಕದ ಮೇಲೆ ಹಡಗಿನ ಖರ್ಚು, ಆಮದುದಾರರ ಲಾಭ, ರಾಜ್ಯದ ಅಬಕಾರಿ ತೆರಿಗೆ. ₹1,200ರ ಆಮದು ಬಾಟಲಿಯಲ್ಲಿ ವೈನಿಗೆ ಅಂತ ಉಳಿಯುವ ದುಡ್ಡು ಬಹಳ ಕಡಿಮೆ. ಅದೇ ದುಡ್ಡಿಗೆ ಮಹಾರಾಷ್ಟ್ರದ ನಾಸಿಕ್, ಅಕ್ಲೂಜ್ ಅಥವಾ ನಮ್ಮ ನಂದಿಬೆಟ್ಟದ ತಪ್ಪಲಿನ ವೈನ್ ಒಂದು ಮೆಟ್ಟಿಲು ಮೇಲಿರುತ್ತೆ.

ಈಗ ಒಂದೇ ವೈನ್ ಎರಡು ಅಂಗಡಿಯಲ್ಲಿ ಎರಡು ಥರ ಯಾಕೆ ಅಂದರೆ, ಅಗ್ಗದ ವೈಟ್ ವೈನ್ ಹಾಲಿನ ಹಾಗೆ, ಬೇಗ ಮಾರಿ ಬೇಗ ಕುಡಿಯುವುದಕ್ಕೆ ಮಾಡಿದ್ದು. ನಮ್ಮ ಎಂಆರ್‌ಪಿ ಅಂಗಡಿಗಳಲ್ಲಿ ಓಡುವುದು ವಿಸ್ಕಿ, ಬ್ರಾಂದಿ, ಬಿಯರ್. ವೈನ್ ಮೇಲಿನ ಶೆಲ್ಫಿನಲ್ಲಿ, ಟ್ಯೂಬ್‌ಲೈಟಿನ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತಿರುತ್ತೆ. ವೈನ್ ಕೆಡದಂತೆ ಹಾಕಿರುವ ಸಲ್ಫರ್ ಡಯಾಕ್ಸೈಡ್ ಸೆಕೆಗೆ ಬೇಗ ಖರ್ಚಾಗುತ್ತೆ, ಆಮೇಲೆ ಗಾಳಿಯ ಆಮ್ಲಜನಕ ಕೆಲಸ ಶುರು ಮಾಡುತ್ತೆ. ನೀವು ಹೇಳಿದ ಕೊಳೆತ ಸೇಬಿನ ವಾಸನೆ ಅದೇ, ಆಲ್ಕೋಹಾಲ್ ಅಸಿಟಾಲ್ಡಿಹೈಡ್ ಆಗಿರುವುದು. ಬಣ್ಣ ಗಾಢವಾಗುವುದೂ ಅದರ ಜೊತೆಗೇ. ಕಾಯಿಲೆ ತರುವಂಥದ್ದಲ್ಲ, ರುಚಿ ಮಾತ್ರ ಹೋಗಿರುತ್ತೆ.

ಅಂಗಡಿಯಲ್ಲಿ ನೋಡಬೇಕಾದ್ದು ಹೀಗೆ. ಮೊದಲು ಹಿಂಬದಿ ಲೇಬಲ್: ಕೊಯ್ಲಿನ ವರ್ಷ ಅಥವಾ ಬಾಟಲಿಗೆ ತುಂಬಿದ ತಿಂಗಳು. ನಮ್ಮಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಳ್ಳಿ ಚಾಟನಿ ಮಾಡಿ ಜನವರಿಯಿಂದ ಮಾರ್ಚ್‌ವರೆಗೆ ದ್ರಾಕ್ಷಿ ಕೊಯ್ಯುತ್ತಾರೆ. ಹಾಗಾಗಿ ಆಯಾ ವರ್ಷದ ವೈಟ್ ವರ್ಷದ ನಡುವಿನ ಹೊತ್ತಿಗೆ ಅಂಗಡಿಗೆ ಬರುತ್ತೆ. ಒಂದೂವರೆ ವರ್ಷದೊಳಗಿನದನ್ನೇ ತಗೊಳ್ಳಿ, ಎರಡು ವರ್ಷ ದಾಟಿದ್ದನ್ನು ರಿಯಾಯಿತಿ ಕೊಟ್ಟರೂ ಬಿಡಿ. ಎರಡನೆಯದು ಮುಚ್ಚಳ: ತಿರುಗಿಸುವ ಮುಚ್ಚಳ ಇದ್ದರೆ ಒಳ್ಳೇದು, ಕಾರ್ಕಿನ ಬೂಷ್ಟು ವಾಸನೆಯ ಭಯ ಇಲ್ಲ. ಅಗ್ಗದ್ದರ ಗುರುತು ಅಂತ ಅಂದುಕೊಳ್ಳಬೇಡಿ. ಕಾರ್ಕ್ ಇದ್ದರೆ ಬಾಟಲಿಯ ತಲೆ ಮೇಲೆ ಹೆಬ್ಬೆರಳು ಆಡಿಸಿ. ಬಿಸಿಗೆ ವೈನ್ ಹಿಗ್ಗಿದರೆ ಕಾರ್ಕ್ ಒಂದೆರಡು ಮಿಲಿಮೀಟರ್ ಮೇಲೆದ್ದು ಅದನ್ನು ಮುಚ್ಚಿದ ಹಾಳೆ ಉಬ್ಬಿರುತ್ತೆ, ಅಂಚು ಅಂಟಂಟಾಗಿರುತ್ತೆ. ಅಂಥದ್ದು ಬೇಡವೇ ಬೇಡ. ಮೂರನೆಯದು, ಅದೇ ಲೇಬಲಿನ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ಕುತ್ತಿಗೆಯ ಮಟ್ಟ ನೋಡಿ, ಒಂದರಲ್ಲಿ ಇಳಿದಿದ್ದರೆ ಸೋರಿದೆ ಅಂತ ಅರ್ಥ. ಬಣ್ಣವಿಲ್ಲದ ಗಾಜಿನ ಬಾಟಲಿಯಾದರೆ ಶೆಲ್ಫಿನ ಮುಂದಿನ ಸಾಲಿನದನ್ನು ಬಿಟ್ಟು ಹಿಂದಿನದನ್ನು, ಸಾಧ್ಯವಾದರೆ ಡಬ್ಬದಿಂದಲೇ ಕೇಳಿ. ವೈನಿನಲ್ಲಿರುವ ರೈಬೋಫ್ಲೇವಿನ್ ಮೇಲೆ ಬೆಳಕು ಬಿದ್ದರೆ ಗಂಧಕದ ಸಂಯುಕ್ತಗಳು ಹುಟ್ಟಿ ಬೇಯಿಸಿದ ಎಲೆಕೋಸಿನ ವಾಸನೆ ಬರುತ್ತೆ.

ದ್ರಾಕ್ಷಿಯ ವಿಷಯಕ್ಕೆ ಬಂದರೆ, ಕಡಿಮೆ ಬೆಲೆಗೆ ಮರದ ಪೀಪಾಯಿ ಕಾಣದ ವೈನೇ ಸರಿ. 225 ಲೀಟರಿನ ಓಕ್ ಪೀಪಾಯಿಯಿಂದ ಸಿಗುವುದು 300 ಬಾಟಲಿ. ಹೊಸ ಪೀಪಾಯಿಯ ಖರ್ಚು ಅಷ್ಟರ ಮೇಲೇ ಬೀಳಬೇಕು, ಈ ಬೆಲೆಗೆ ಅದು ಗಿಟ್ಟುವುದಿಲ್ಲ. ಅಗ್ಗದ ಶಾರ್ಡನೇಗೆ ಓಕ್ ಚೂರು ನೆನೆಸಿ ಮರದ ವಾಸನೆ ಹಿಡಿಸಿರುವುದುಂಟು, ವೈನ್ ಒಂದು ಕಡೆ, ಮರ ಒಂದು ಕಡೆ ನಿಂತಿರುತ್ತೆ. ಶೆನಿನ್, ಸೋವಿನ್ಯೋಂ ಎರಡೂ ಸ್ಟೀಲ್ ಟ್ಯಾಂಕಿನಲ್ಲಿ ತಣ್ಣಗೆ ಹುಳಿಬಂದು ನೇರ ಬಾಟಲಿಗೆ ಹೋಗುವಂಥವು. ನಿಮ್ಮ ದುಡ್ಡು ಪೂರ್ತಿ ದ್ರಾಕ್ಷಿಗೇ ಹೋಗುತ್ತೆ.

ಹುಡುಕಬೇಕಾದ ಹೆಸರು: ಸುಲಾ, ಫ್ರಾಟೆಲ್ಲಿ, ಬಿಗ್ ಬನಿಯನ್, ಯಾರ್ಕ್ ಇವರ ಶೆನಿನ್, ಗ್ರೋವರ್ ಜಂಪಾದ ಆರ್ಟ್ ಕಲೆಕ್ಷನ್ ಸೋವಿನ್ಯೋಂ. ಹಂಪಿ ಕಡೆಯ ಕೃಸ್ಮಾ ಸೋವಿನ್ಯೋಂ ಬಹಳ ಚೆನ್ನಾಗಿದೆ, ನಿಮ್ಮ ಬಜೆಟ್ ಮೀರುತ್ತೆ. ದ್ರಾಕ್ಷಿಯ ಹೆಸರೇ ಇಲ್ಲದೆ ಬರೀ ‘ವೈಟ್ ವೈನ್’ ಅಂತಿರುವುದನ್ನು ಬಿಡಿ. ಸಾಮಾನ್ಯವಾಗಿ ಅದು ಥಾಮ್ಸನ್ ಸೀಡ್‌ಲೆಸ್ ಥರದ ತಿನ್ನುವ ದ್ರಾಕ್ಷಿಯದು, ಪರಿಮಳ ಇರಲ್ಲ.

ಹುಳಿಪ್ರಿಯೆ:

ಚಕ್ಕೋತ ಅವರು ಹೇಳಿದ್ದಕ್ಕೆಲ್ಲ ಒಪ್ಪಿಗೆ, ಆದರೆ ಶೆನಿನ್, ಸೋವಿನ್ಯೋಂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಈ ಅಡುಗೆಗೆ ಎರಡೂ ಬೇಕು, ಬೇರೆಬೇರೆ ಹೊತ್ತಿಗೆ.

ಕಾಣೆ ಫ್ರೈಗೆ ನಿಂಬೆ ಹಿಂಡುತ್ತೀರಿ, ಕೋಸಂಬರಿಗೂ ನಿಂಬೆ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆ, ನೀರು ನೀರು. ಅಲ್ಲಿ ಸೋವಿನ್ಯೋಂ ಬೇಕು. ಚಕ್ಕೋತದ ಸಿಪ್ಪೆ, ನಿಂಬೆಹುಲ್ಲು, ಆಗಷ್ಟೇ ಕೊಯ್ದ ದಪ್ಪ ಮೆಣಸಿನಕಾಯಿ ಇದರ ಪರಿಮಳ. ನಂದಿಯ ತಪ್ಪಲು ಸುಮಾರು 900 ಮೀಟರ್ ಎತ್ತರ, ರಾತ್ರಿ ತಂಪಾಗುವುದರಿಂದ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತೆ.

ಘೀ ರೋಸ್ಟ್ ಬೇರೆ ಲೆಕ್ಕ. ಬ್ಯಾಡಗಿ ಮೆಣಸಿನ ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತೆ. 13.5%ಗಿಂತ 12% ಇರುವ ವೈನ್ ಇಲ್ಲಿ ಹಿತ. ಒಂದಿಷ್ಟು ಸಿಹಿ ಉಳಿದಿದ್ದರಂತೂ ಖಾರ ಮೆತ್ತಗಾಗುತ್ತೆ. ಸುಲಾ ಶೆನಿನ್‌ನಲ್ಲಿ ಆ ಸಿಹಿ ಗೊತ್ತಾಗುವಷ್ಟು ಇದೆ, ಜೊತೆಗೆ ಸೀಬೆ, ಅನಾನಸ್ ಪರಿಮಳ. ಪೂರ್ತಿ ಒಣ (ಡ್ರೈ), ಅಂದರೆ ಸಿಹಿಯೇ ಇಲ್ಲ ಅನಿಸುವ ವೈನಿನಲ್ಲಿ ಉಳಿದ ಸಕ್ಕರೆ ಲೀಟರಿಗೆ 4 ಗ್ರಾಂ ಆಸುಪಾಸು. ಘೀ ರೋಸ್ಟಿಗೆ ಅದರ ಎರಡು ಮೂರು ಪಟ್ಟು ಇದ್ದರೂ ಊಟದ ಜೊತೆ ಸಿಹಿ ಅನಿಸಲ್ಲ.

ಕೋಳಿ ಗಸಿಯ ತೆಂಗಿನಕಾಯಿಗೂ ಶೆನಿನ್ ಹೊಂದುತ್ತೆ. ಒಂದು ಬಾಟಲಿ ವಿಯೋನ್ಯೇ ತಂದರೆ ಗಸಿಗೆ ಇನ್ನೂ ಚೆನ್ನ: ಜರ್ದಾಲು, ಹೂವಿನ ಪರಿಮಳ, ಬಾಯಲ್ಲಿ ಸ್ವಲ್ಪ ಜಿಡ್ಡು. ಆದರೆ ಹುಳಿ ಕಡಿಮೆ, ಕಾಣೆ ಫ್ರೈ ಜೊತೆ ಕೊಡಬೇಡಿ.

ಹೊಸಮನೆ_ಬನಶಂಕರಿ:

ಬಹಳ ಉಪಕಾರ ಇಬ್ಬರಿಗೂ. ಇನ್ನು ಮೂರು ಸಂದೇಹ. ಎಷ್ಟು ಬಾಟಲಿ ಬೇಕು? ಅವತ್ತು ಫ್ರಿಜ್ ಪೂರ್ತಿ ಅಡುಗೆ ಸಾಮಾನು ಇರುತ್ತೆ, ಬಾಟಲಿ ತಂಪು ಮಾಡೋದು ಹೇಗೆ? ಮತ್ತೆ, ಫ್ರಿಜ್‌ನಲ್ಲಿಟ್ಟ ಒಂದು ಬಾಟಲಿಯ ತಳದಲ್ಲಿ ಗಾಜಿನ ಪುಡಿ ಥರ ಹರಳು ಕಾಣ್ತಿದೆ. ಚೆಲ್ಲಬೇಕಾ?

ಐಸ್‌ಬಕೆಟ್:

ಚೆಲ್ಲಬೇಡಿ. ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಪೊಟ್ಯಾಶಿಯಂ ಜೊತೆ ಸೇರಿ ತಣ್ಣಗಾದಾಗ ಹರಳುಗಟ್ಟಿರುವುದು. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತೆ, ಗಾಜು ಆಗಲ್ಲ. ಆದರೆ ಬಾಟಲಿಯ ಬಾಯಿ ಒಡೆದಿದ್ದರೆ ಮಾತ್ರ ಯೋಚನೆ ಮಾಡದೆ ಚೆಲ್ಲಿ. ಕುಡಿಯುವ ಮೊದಲು ಒಂದೆರಡು ಗಂಟೆ ನೆಟ್ಟಗೆ ನಿಲ್ಲಿಸಿ, ಕೊನೆಯ ಎರಡು ಚಮಚದಷ್ಟು ಬಾಟಲಿಯಲ್ಲೇ ಬಿಡಿ.

750 ಮಿಲಿಯಲ್ಲಿ 150 ಮಿಲಿಯ ಐದು ಗ್ಲಾಸು. ಒಂಬತ್ತು ಜನಕ್ಕೆ ಎರಡೆರಡು ಅಂದರೆ ಹದಿನೆಂಟು ಗ್ಲಾಸು, ನಾಲ್ಕು ಬಾಟಲಿಗೆ ಸರಿಯಾಗುತ್ತೆ. ಒಂದು ಕೆಟ್ಟಿರಬಹುದು ಅಂತ ಐದು ತನ್ನಿ: ಎರಡು ಸೋವಿನ್ಯೋಂ, ಮೂರು ಶೆನಿನ್.

ತಂಪಿಗೆ ಫ್ರಿಜ್ ಬೇಕಿಲ್ಲ. ಉದ್ದನೆಯ ಬಕೆಟ್, ಅರ್ಧ ಐಸ್, ಅರ್ಧ ತಣ್ಣೀರು, ಎರಡು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆವರೆಗೂ ಮುಳುಗಬೇಕು. ಬರೀ ಐಸ್ ತುಂಬುವುದೇ ಎಲ್ಲರೂ ಮಾಡುವ ತಪ್ಪು. ಐಸ್ ತುಂಡುಗಳ ನಡುವೆ ಗಾಳಿ ಇರುತ್ತೆ, ಗಾಜಿಗೆ ತಾಗುವುದು ಅಲ್ಲೊಂದು ಇಲ್ಲೊಂದು ಮೂಲೆ. ನೀರು ಬಿದ್ದರೆ ಸುತ್ತ ಎಲ್ಲ ಕಡೆ ತಾಗುತ್ತೆ, ಉಪ್ಪು ಬಿದ್ದರೆ ಆ ನೀರು ಸೊನ್ನೆಗಿಂತ ಕೆಳಗೆ ಇಳಿಯುತ್ತೆ. ಐದು ನಿಮಿಷಕ್ಕೊಮ್ಮೆ ಬಾಟಲಿಯನ್ನು ಕುತ್ತಿಗೆ ಹಿಡಿದು ತಿರುಗಿಸಿ. 28 ಡಿಗ್ರಿಯಲ್ಲಿದ್ದದ್ದು ಹದಿನೈದು–ಇಪ್ಪತ್ತು ನಿಮಿಷಕ್ಕೆ ಕುಡಿಯುವ ಹದಕ್ಕೆ ಬರುತ್ತೆ. ಫ್ರಿಜ್‌ನಲ್ಲಾದರೆ ಎರಡೂವರೆ–ಮೂರು ಗಂಟೆ. ಒಂದು ಬಕೆಟ್ಟಿಗೆ ಎರಡು ಬಾಟಲಿ ಸಾಕು, ಹೆಚ್ಚು ತುರುಕಿದರೆ ಐಸ್ ಬೇಗ ಕರಗಿ ಹೋಗುತ್ತೆ.

ಫ್ರೀಜರ್‌ಗೆ ಇಡುವುದಾದರೆ ಅರ್ಧ ಗಂಟೆಗೆ ಅಲಾರಂ ಇಡಿ. ವೈನ್ ಸುಮಾರು ಮೈನಸ್ 5–6 ಡಿಗ್ರಿಗೆ ಗಟ್ಟಿಯಾಗಿ ಹಿಗ್ಗುತ್ತೆ, ಮುಚ್ಚಳದ ಸೀಲ್ ಬಿಡುತ್ತೆ ಇಲ್ಲವೇ ಬಾಟಲಿ ಬಿರಿಯುತ್ತೆ.

ಸೋವಿನ್ಯೋಂಗೆ 8 ಡಿಗ್ರಿ, ಶೆನಿನ್‌ಗೆ 9–10. ಫ್ರಿಜ್‌ನ 4 ಡಿಗ್ರಿಯಲ್ಲೇ ಕುಡಿದರೆ ಪರಿಮಳ ಏಳುವುದೇ ಇಲ್ಲ, ಹುಳಿ ಮಾತ್ರ ನಾಲಿಗೆಗೆ ಹೊಡೆಯುತ್ತೆ. ಹೊರಗೆ ತೆಗೆದು ಹತ್ತು ನಿಮಿಷ ಬಿಡಿ. ಆದರೆ ಕೆಟ್ಟ ವೈನನ್ನು ಮರೆಸುವುದಕ್ಕೂ ಅತಿ ತಂಪೇ ಉಪಾಯ, ಆದ್ದರಿಂದ ಪರೀಕ್ಷೆ ಮಾಡುವಾಗ ಯಾವಾಗಲೂ ಸ್ವಲ್ಪ ಬಿಸಿಯೇರಲು ಬಿಟ್ಟು ಮೂಸಿ. ಒಂದೊಂದು ಸಲಕ್ಕೆ ಗ್ಲಾಸಿಗೆ 100 ಮಿಲಿ ಮಾತ್ರ ಸುರಿಯಿರಿ, ಉಳಿದದ್ದು ಬಕೆಟ್‌ನಲ್ಲೇ ಇರಲಿ.

ರೈನ್_ದಂಡೆ:

ಈ ಚರ್ಚೆ ಹೊರದೇಶದಲ್ಲಿರುವ ಕನ್ನಡಿಗರೂ ಓದುತ್ತಾರೆ ಅಂತ ಎರಡು ಮಾತು. ಯುರೋಪಿನಲ್ಲಿ ಸುಂಕದ ಕಾಟ ಇಲ್ಲ, ಇಲ್ಲಿ ಹೆಚ್ಚು ಬೆಲೆ ಕೊಡುವುದು ಊರಿನ ಹೆಸರಿಗೆ. ಫ್ರಾನ್ಸಿನ ಸಾನ್ಸೇರ್ ಊರಿನ ವೈನಿನ ಬದಲು ಅದೇ ಲ್ವಾರ್ ನದಿ ಕಣಿವೆಯ ತುರೇನ್ ಸೋವಿನ್ಯೋಂ ತಗೊಳ್ಳಿ, ದ್ರಾಕ್ಷಿ ಅದೇ. ಮೀನಿಗೆ ಫ್ರಾನ್ಸಿನದೇ ಮಸ್ಕದೆ ವೈನ್: ಲೇಬಲಿನಲ್ಲಿ ‘ಸ್ಯುರ್ ಲೀ’ ಅಂತಿದ್ದರೆ ತಳದಲ್ಲಿ ಕೂತ ಯೀಸ್ಟಿನ ಮೇಲೆಯೇ ಚಳಿಗಾಲ ಕಳೆದದ್ದು, ಅದರಿಂದ ಬಾಯಿ ತುಂಬುವ ಗುಣ ಬರುತ್ತೆ. ಪೋರ್ಚುಗಲ್‌ನ ವಿನ್ಯೋ ವೆರ್ದಿಯಲ್ಲಿ ಆಲ್ಕೋಹಾಲ್ ಕಡಿಮೆ, ಸಣ್ಣ ಗುಳ್ಳೆ, ಖಾರದ ಊಟಕ್ಕೆ ಆಗಿಬರುತ್ತೆ. ಆಸ್ಟ್ರಿಯಾದ ಗ್ರ್ಯೂನರ್ ಫೆಲ್ಟ್‌ಲೀನರ್ ಒಂದು ಲೀಟರ್ ಬಾಟಲಿಯಲ್ಲಿ ಬರುತ್ತೆ, ಬಿಳಿ ಮೆಣಸಿನ ಘಾಟು ಇರುವ ಇದು ತರಕಾರಿ ಪಲ್ಯಕ್ಕೆ ನನ್ನ ಮೊದಲ ಆಯ್ಕೆ. ಶೆನಿನ್ ಬೇಕಾದರೆ ದಕ್ಷಿಣ ಆಫ್ರಿಕಾದ್ದು, ಅಲ್ಲಿ ಅತಿ ಹೆಚ್ಚು ನೆಟ್ಟಿರುವ ದ್ರಾಕ್ಷಿಯೇ ಅದು, ಹಾಗಾಗಿ ಅಗ್ಗ.

ಚಕ್ಕೋತ:

ಹೊಸಮನೆಯವರೇ, ಐದನ್ನೂ ಒಟ್ಟಿಗೆ ತರಬೇಡಿ. ಊಟಕ್ಕೆ ಹತ್ತು ದಿನ ಮುಂಚೆ ಎರಡು ತಂದು ತೆಗೆದು ನೋಡಿ, ಚೆನ್ನಾಗಿದ್ದರೆ ಅದೇ ಅಂಗಡಿಯಿಂದ ಅದೇ ಬ್ಯಾಚ್ ನಂಬರಿನದನ್ನು ತನ್ನಿ. ವೈನ್ ಹೆಚ್ಚು ಮಾರುವ, ಎಸಿ ಇರುವ ಅಂಗಡಿ ಸ್ವಲ್ಪ ದೂರವಾದರೂ ಅಲ್ಲಿಗೇ ಹೋಗಿ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಗ್ರೋವರ್, ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಹತ್ತಿರ ಡೊಮೇನ್ ಸುಲಾ ಇವೆ, ಆ ಕಡೆ ಹೋಗುವುದಿದ್ದರೆ ತಯಾರಾದ ಜಾಗದಿಂದಲೇ ತರಬಹುದು. ಬರುವಾಗ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಇಳಿಯಬೇಡಿ. ಬಿಸಿಲಿಗೆ ನಿಂತ ಕಾರಿನೊಳಗೆ 50 ಡಿಗ್ರಿ ಮುಟ್ಟುವುದು ಕಷ್ಟವಲ್ಲ, ಅಂಗಡಿಯಲ್ಲಿ ಇಷ್ಟೆಲ್ಲ ನೋಡಿ ಆರಿಸಿದ್ದು ಒಂದು ಗಂಟೆಯಲ್ಲಿ ಹೋಗುತ್ತೆ. ಮನೆಯಲ್ಲಿ ಅಟ್ಟದ ಮೇಲೆ, ಫ್ರಿಜ್ ಮೇಲೆ ಬೇಡ, ಎರಡೂ ಬಿಸಿ. ಮಂಚದ ಕೆಳಗೆ ಕತ್ತಲಲ್ಲಿ ಇಡಿ.

ಉಳಿದ ವೈನನ್ನು ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಬರುತ್ತೆ. ಅರ್ಧ ಬಾಟಲಿ ಉಳಿದರೆ ತೊಳೆದು ಒಣಗಿಸಿದ 375 ಮಿಲಿ ಬಾಟಲಿಗೆ ಕಂಠಪೂರ್ತಿ ತುಂಬಿಡಿ, ಗಾಳಿಗೆ ಜಾಗ ಇಲ್ಲದಿದ್ದರೆ ಐದಾರು ದಿನ ತಡೆಯುತ್ತೆ. ಆಮೇಲೂ ಉಳಿದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಅಣಬೆ ಹುರಿಯುವಾಗ ಎರಡು ತುಂಡು ಹಾಕಿ.