ಪ್ಯಾರಿಸ್ ಹೊರವಲಯದ ಹುಡುಗರ ಮಾತನ್ನು ಕನ್ನಡಕ್ಕೆ ತರೋದು ಹೇಗೆ?

ಪದಹುಚ್ಚ: ಈಗಿನ ಫ್ರೆಂಚ್ ಕಾದಂಬರಿಯೊಂದನ್ನು ಅನುವಾದ ಮಾಡುತ್ತಿದ್ದೇನೆ, ಗೋದಾಮಿನಲ್ಲಿ ರಾತ್ರಿಪಾಳಿ ಮಾಡುವ ಹುಡುಗರ ಕಥೆ. ಮಾತೆಲ್ಲಾ ವೆರ್ಲಾನ್. ಅಂದ್ರೆ ಪದಾನೇ ಹಿಂದುಮುಂದು: ಪೊಲೀಸರಿಗೆ ಹೇಳುವ ‘ಫ್ಲಿಕ್’ ತಿರುಗಿ ‘ಕೆಫ್’ ಆಗುತ್ತೆ, ಹೆಂಗಸು ‘ಫಾಮ್’ ಹೋಗಿ ‘ಮೆಫ್’. ಏನು ಮಾಡಲಿ?

ಮಸಿಕುಡಿಕೆ: ಕನ್ನಡ ಪದಗಳನ್ನು ತಿರುಗಿಸೋಕೆ ಹೋಗಬೇಡಿ, ಒಗಟು ಬಿಡಿಸಿದ ಹಾಗಾಗುತ್ತೆ. ಒಂದೆರಡು ಪದ ಹಾಗೇ ಬಿಡಿ, ಸಂದರ್ಭದಲ್ಲೇ ಅರ್ಥ ಆಗುತ್ತೆ. ಉಳಿದಿದ್ದಕ್ಕೆ ಮಾತಿನ ವೇಗ ಮುಖ್ಯ. ಈ ಹೊರವಲಯಕ್ಕೆ ಫ್ರೆಂಚರು ಹೇಳುವ ‘ಬಾನ್ಲಿಯೂ’ಗೆ ಮಾತ್ರ ಸುಮ್ನೆ ‘ಉಪನಗರ’ ಅಂತ ಬರೆದುಬಿಡಬೇಡಿ, ಓದುಗರ ಕಣ್ಣಿಗೆ ತೋಟದ ಮನೆಗಳು ಬರುತ್ತವೆ, ಅಲ್ಲಿರೋದು ಕಡಿಮೆ ಬಾಡಿಗೆಯ ಎತ್ತರದ ಕಟ್ಟಡಗಳು.

ಅರೆನಿದ್ದೆ: ಒಂದು ಕಡೆ ನಮಗೇ ಲಾಭ ಜಾಸ್ತಿ. ಮೇಸ್ತ್ರಿ ಹುಡುಗನಿಗೆ ‘ತ್ಯು’ ಅಂತಾನೆ, ಹುಡುಗ ‘ವೂ’ ಅಂತಾನೆ. ಇಂಗ್ಲಿಷಿನಲ್ಲಿ ಅದು ಮಾಯ. ನಮಗೆ ನೀನು, ನೀವು ಇದೆಯಲ್ಲ! ಜಗಳದಲ್ಲಿ ಹುಡುಗ ತಟ್ಟನೆ ‘ನೀನು’ಗೆ ಇಳಿದರೆ ಸಾಕು, ವಿವರಣೆನೇ ಬೇಡ.

ಪದಹುಚ್ಚ: ಅಯ್ಯೋ, ಅಂಥದ್ದೇ ಜಗಳ ಮೂರನೇ ಅಧ್ಯಾಯದಲ್ಲಿದೆ, ನಾನು ಇಬ್ಬರಿಗೂ ‘ನೀವು’ ಹಾಕಿಟ್ಟಿದ್ದೀನಿ. ಇವತ್ತೇ ತಿದ್ದುತ್ತೇನೆ.