ಅಪ್‌ಡೇಟ್: ಅಜ್ಜನ ಪೆನ್ನು ಮತ್ತೆ ಬರೆಯುತ್ತಿದೆ

ಕಳೆದ ತಿಂಗಳು ಇಲ್ಲಿ ಕೇಳಿದ್ದೆ, ನೆನಪಿದೆಯಾ? ಮಡಿಕೇರಿಯ ನಮ್ಮ ಮನೆಯಲ್ಲಿ ಅಜ್ಜನ ಹಳೇ ಫೌಂಟನ್ ಪೆನ್ನು ಸಿಕ್ಕಿದೆ, ಕರ್ಪೂರದ ವಾಸನೆ ಬರುತ್ತೆ, ಇದು ಸೆಲ್ಯುಲಾಯ್ಡಾ, ಅಂದರೆ ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್ಕಾ ಅಂತ.

ಹೌದು, ಸೆಲ್ಯುಲಾಯ್ಡೇ. ಇದನ್ನು ಮಾಡುವಾಗಲೇ ಕರ್ಪೂರ ಬೆರೆಸುತ್ತಾರೆ. ಬಟ್ಟೆಯಲ್ಲಿ ಉಜ್ಜಿ ಮೂಸಿದೆ, ಅಷ್ಟೇ ಸಾಕಾಯಿತು. ಬಿಸಿ ಸೂಜಿ ಚುಚ್ಚಿ ನೋಡಿ ಅಂದವರ ಮಾತು ಕೇಳಲಿಲ್ಲ. ಬೇಗ ಬೆಂಕಿ ಹಿಡಿಯುವ ವಸ್ತು ಅದು, ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಒಳಗೆ ಶಾಯಿ ತುಂಬುವ ರಬ್ಬರ್ ಚೀಲ ಒಣಗಿ ಪುಡಿಯಾಗಿತ್ತು. ಪೆನ್ನಿನ ಮೈ ಅಲ್ಲಿ ಮಾತ್ರ ಕಪ್ಪಾಗಿದೆ. ರಬ್ಬರಿನ ಗಂಧಕದ ಆವಿ ಹೀಗೆ ಮಾಡುತ್ತದಂತೆ, ಆ ಬಣ್ಣ ವಾಪಸ್ ಬರಲ್ಲ. ಮೈಸೂರಿನ ರಿಪೇರಿಯವರು ಈಗ ಸಿಲಿಕೋನ್ ಚೀಲ ಹಾಕಿಕೊಟ್ಟಿದ್ದಾರೆ.

ನಮ್ಮ ಮಳೆಗಾಲಕ್ಕೆ ಹೆದರಿ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಅದು ತಪ್ಪು. ಸೆಲ್ಯುಲಾಯ್ಡ್‌ಗೆ ಗಾಳಿ ಬೇಕು. ಈಗ ಬಿಸಿಲು ಬೀಳದ ಕಪಾಟಿನಲ್ಲಿ, ಒಲೆಯಿಂದ ದೂರ ಇಟ್ಟಿದ್ದೇನೆ.

ಇದರ ಚೆಂದ ಹೇಳಲೇಬೇಕು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣದ ಪಟ್ಟೆಗಳು ಒಳಗೆಲ್ಲೋ ಆಳದಲ್ಲಿ ಮಿನುಗುತ್ತವೆ. ಮೇಲೆ ಬಳಿದ ಬಣ್ಣ ಅಲ್ಲ, ಮೈಯೊಳಗೇ ಇರುವ ಬಣ್ಣ. ಕೈಯಿಂದ ಪೆನ್ನು ಮಾಡುವವರು ಇಂಥ ಸೆಲ್ಯುಲಾಯ್ಡ್ ಕೋಲುಗಳನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಲೇತ್‌ನಲ್ಲಿ ಕಡೆದು ಉಜ್ಜುತ್ತಾರೆ. ಆತುರ ಮಾಡಿದರೆ ಪೆನ್ನು ಸೊಟ್ಟಗಾಗಬಹುದು. ಮುಟ್ಟಿದರೆ ಲೋಹದ ಹಾಗೆ ತಣ್ಣಗಿರಲ್ಲ, ಬೆಚ್ಚಗಿರುತ್ತದೆ.

ನಿನ್ನೆ ನೀಲಿ ಶಾಯಿ ತುಂಬಿಸಿ, ಕಾಫಿ ತೋಟದ ಲೆಕ್ಕವನ್ನು ಇದರಲ್ಲೇ ಬರೆದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.