ಪ್ರಶ್ನೋತ್ತರ: ಹಳೆಯ ಮಿಯಾಟಾದ ‘ಟಿಕ್ ಟಿಕ್’ ಎಲ್ಲಿಂದ ಬರುತ್ತಿದೆ?

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಈಚೆಗೆ 1992ರ ಮಾಜ್ದಾ ಮಿಯಾಟಾ ಕಾರು ಕೊಂಡಿದ್ದೇನೆ, 1.6 ಲೀಟರ್ ಎಂಜಿನ್, ಐದು ಗೇರು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿನಿಂದ ‘ಟಿಕ್ ಟಿಕ್’ ಶಬ್ದ. ಆಕ್ಸಿಲರೇಟರ್ ಒತ್ತಿದರೆ ಅದೂ ಚುರುಕಾಗುತ್ತದೆ. ಒಮ್ಮೊಮ್ಮೆ ಎಂಜಿನ್ ಬಿಸಿಯಾಗುವಷ್ಟರಲ್ಲಿ ಮಾಯವಾಗುತ್ತದೆ, ಒಮ್ಮೊಮ್ಮೆ ಹೆದ್ದಾರಿ ಇಳಿದು ಸಿಗ್ನಲ್‌ನಲ್ಲಿ ನಿಂತಾಗ ಮತ್ತೆ ಹಾಜರಾಗುತ್ತದೆ. ಒಂದು ಗ್ಯಾರೇಜಿನವರು ‘ಎಂಜಿನ್ ಬಿಚ್ಚಲೇಬೇಕು’ ಎಂದರು. ಇನ್ನೊಂದರವರು ‘ಹಳೆಯ ಕಾರಲ್ಲವೇ, ಹಾಗೆಯೇ’ ಎಂದರು. ಯಾರನ್ನು ನಂಬಲಿ? ಮೊಬೈಲಿನಲ್ಲಿ ಶಬ್ದ ಮುದ್ರಿಸಿ ಹಾಕಿದ್ದೇನೆ.

ಮೆಕ್ಯಾನಿಕ್: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಮುದ್ರಿಸಿದ್ದನ್ನು ಕೇಳಿದೆ, ಆದರೆ ಅದರ ಮೇಲೆ ತೀರ್ಪು ಕೊಡುವುದಿಲ್ಲ. ಮೊಬೈಲು ಸಣ್ಣ ಸದ್ದನ್ನು ತಾನೇ ಹಿಗ್ಗಿಸುತ್ತದೆ, ದೊಡ್ಡದನ್ನು ತಾನೇ ತಗ್ಗಿಸುತ್ತದೆ. ಅದರಲ್ಲಿ ಒಳ್ಳೆಯ ಎಂಜಿನ್ನೂ ಹೊಲಿಗೆ ಯಂತ್ರದಂತೆ ಕೇಳುತ್ತದೆ. ಅದರಿಂದ ಒಂದು ಉಪಯೋಗ ಮಾತ್ರ ಉಂಟು: ನಿಧಾನಗೊಳಿಸಿ ಎಣಿಸಬಹುದು.

ನಿಮ್ಮ ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ) ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಹದಿನಾಲ್ಕು. ವಾಲ್ವ್‌ಗಳನ್ನು (ಸಿಲಿಂಡರಿನ ಗಾಳಿ, ಹೊಗೆಯ ಬಾಗಿಲುಗಳನ್ನು) ತೆರೆಯುವ ಕ್ಯಾಮ್‌ಶಾಫ್ಟ್ ಅದರ ಅರ್ಧ ವೇಗದಲ್ಲಿ, ಸೆಕೆಂಡಿಗೆ ಏಳು. ಟಿಕ್ ಏಳು ಸಲ ಬಂದರೆ ಒಂದೇ ವಾಲ್ವ್ ಅಥವಾ ಒಂದೇ ಸಿಲಿಂಡರಿನ ಕಡೆ ಅನುಮಾನ ಹೋಗಬೇಕು. ಹದಿನಾಲ್ಕಾದರೆ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಜೊತೆ ತಿರುಗುವ ಪುಲ್ಲಿ, ಬೆಲ್ಟ್, ಫ್ಲೈವೀಲ್ ಕಡೆಗೆ, ಇಲ್ಲವೇ ಎರಡು ವಾಲ್ವ್‌ಗಳ ಕಡೆಗೆ. ನಿಮ್ಮ ಬಳಿ ಟೈಮಿಂಗ್ ಲೈಟ್ (ಪ್ಲಗ್ಗಿನ ಪ್ರತಿ ಕಿಡಿಗೂ ಮಿಂಚುವ ದೀಪ) ಇದ್ದರೆ ಪ್ಲಗ್ ವಯರಿಗೆ ಸಿಕ್ಕಿಸಿ ಮಿಂಚಿಗೂ ಟಿಕ್‌ಗೂ ತಾಳೆ ನೋಡಿ. ಆದರೆ ಈ ಕಾರಿನ ಕಾಯಿಲ್ ಪ್ರತಿ ಸುತ್ತಿಗೂ ಕಿಡಿ ಕೊಡುತ್ತದೆ, ಹೊಗೆ ಹೊರಹೋಗುವ ಎಗ್ಜಾಸ್ಟ್ ಸ್ಟ್ರೋಕಿನಲ್ಲಿ ಒಂದು ಕಿಡಿ ವ್ಯರ್ಥವಾಗುತ್ತದೆ. ಹಾಗಾಗಿ ಎರಡು ಮಿಂಚಿಗೆ ಒಂದು ಟಿಕ್ ಬಂದರೆ ಅದು ಕ್ಯಾಮ್ ವೇಗ. ಬೇರೆ ಕಾರಿನ ಲೆಕ್ಕ ಇಲ್ಲಿ ಹಾಕಿ ದಾರಿ ತಪ್ಪಬೇಡಿ.

ಇಷ್ಟು ಹೇಳಿ: ಕಾರು ನಿಂತಿದ್ದಾಗಲೂ ಬರುತ್ತದೆಯೇ? ಕ್ಲಚ್ ಒತ್ತಿದರೆ ಬದಲಾಗುತ್ತದೆಯೇ? ಆಯಿಲ್ ಮಟ್ಟ ಎಷ್ಟು, ಪ್ರೆಷರ್ ಮುಳ್ಳು ಎಲ್ಲಿ ನಿಲ್ಲುತ್ತದೆ? ನಿಮ್ಮದು 1992ರದ್ದಾದ್ದರಿಂದ ಆ ಮುಳ್ಳನ್ನು ನಂಬಬಹುದು. 1995ರಿಂದ ಮಾಜ್ದಾ ಅಲ್ಲಿ ಬರೀ ಸ್ವಿಚ್ ಇಟ್ಟಿತು, ಒತ್ತಡ ಸ್ವಲ್ಪ ಇದ್ದರೂ ಮುಳ್ಳು ಮಧ್ಯದಲ್ಲಿ ಕೂರುತ್ತದೆ.

ಇನ್ನೊಬ್ಬ ಸದಸ್ಯ: ಇದು ರಾಡ್ ಬೇರಿಂಗ್, ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು. ನನ್ನ ಸ್ನೇಹಿತನ ಕಾರಿನಲ್ಲಿ ಹೀಗೆಯೇ ಆಗಿ ಎಂಜಿನ್ ಹೋಯಿತು. ತಕ್ಷಣ ಓಡಿಸುವುದನ್ನು ನಿಲ್ಲಿಸಿ.

ಮೆಕ್ಯಾನಿಕ್: ಸ್ನೇಹಿತರ ಎಂಜಿನ್‌ಗೆ ನನ್ನ ಸಂತಾಪ. ಆದರೆ ರಾಡ್ ಬೇರಿಂಗ್ ‘ಟಿಕ್’ ಎನ್ನುವುದಿಲ್ಲ, ‘ಧಡ್ ಧಡ್’ ಎಂದು ಕೆಳಗಿನಿಂದ ಗುದ್ದುತ್ತದೆ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಷ್ಟೂ ಜೋರಾಗುತ್ತದೆ, ಭಾರ ಬಿದ್ದಾಗ ಎದ್ದು ಕೇಳುತ್ತದೆ. ತಣ್ಣಗಿದ್ದಾಗ ಇದ್ದು ಬಿಸಿಯಾದ ಮೇಲೆ ಹೋಗುವ ಶಬ್ದಕ್ಕೆ ಈ ಅಪವಾದ ಹೊರಿಸುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು: ನಿಂತಿದ್ದಾಗಲೂ ಬರುತ್ತದೆ. ಕ್ಲಚ್ ಒತ್ತಿದರೆ ವ್ಯತ್ಯಾಸವಿಲ್ಲ. ಸೆಕೆಂಡಿಗೆ ಏಳು. ಪ್ರೆಷರ್ ಐಡಲ್‌ನಲ್ಲಿ 30ರ ಗೆರೆಗಿಂತ ಕೊಂಚ ಕೆಳಗೆ, ಓಡುವಾಗ 60ರ ಹತ್ತಿರ. ಆಯಿಲ್ ಕಡ್ಡಿಯಲ್ಲಿ ಕೆಳಗಿನ ಗುರುತಿಗೆ ಬಂದಿದೆ, ಬಣ್ಣ ಕಪ್ಪು. ಹಿಂದಿನ ಮಾಲೀಕರು ಯಾವಾಗ ಬದಲಿಸಿದ್ದರೋ ಗೊತ್ತಿಲ್ಲ.

ಮೆಕ್ಯಾನಿಕ್: ಈಗ ಮಾತಾಡಲು ಏನಾದರೂ ಸಿಕ್ಕಿತು. ಪ್ರೆಷರ್ ಚೆನ್ನಾಗಿದೆ, ಮೊದಲು ನಿಶ್ಚಿಂತರಾಗಿ.

ನನ್ನ ಮೊದಲ ಅನುಮಾನ ಹೈಡ್ರಾಲಿಕ್ ಲ್ಯಾಷ್ ಅಡ್ಜಸ್ಟರ್ ಮೇಲೆ. ನಮ್ಮ ಊರಿನ ಗ್ಯಾರೇಜುಗಳಲ್ಲಿ ಇದೆಲ್ಲಕ್ಕೂ ‘ಟ್ಯಾಪೆಟ್ ಶಬ್ದ’ ಎಂದೇ ಹೆಸರು. ನಿಮ್ಮ ಎಂಜಿನ್‌ನಲ್ಲಿ ಹದಿನಾರು ವಾಲ್ವ್, ಒಂದೊಂದರ ಮೇಲೂ ಒಂದು ಅಡ್ಜಸ್ಟರ್. ಒಳಗೆ ಪುಟ್ಟ ಪಿಸ್ಟನ್, ಸ್ಪ್ರಿಂಗ್, ಒಂದು ಗುಂಡಿನ ಚೆಕ್ ವಾಲ್ವ್. ಎಂಜಿನ್ ಆಯಿಲ್ ಅದರೊಳಗೆ ತುಂಬಿಕೊಂಡು ಕ್ಯಾಮಿಗೂ ವಾಲ್ವಿಗೂ ನಡುವಿನ ಸಂದನ್ನು ಮುಚ್ಚಿಡುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೆಲವು ಅಡ್ಜಸ್ಟರ್‌ಗಳಿಂದ ಆಯಿಲ್ ಸೋರಿಹೋಗುತ್ತದೆ. ಬೆಳಗ್ಗೆ ಖಾಲಿ ಜಾಗಕ್ಕೆ ಕ್ಯಾಮ್ ಬಂದು ಬಡಿಯುತ್ತದೆ: ಟಿಕ್. ಹಳೆಯ ಆಯಿಲಿನ ಜಿಡ್ಡು ಚೆಕ್ ವಾಲ್ವಿನಲ್ಲಿ ಕೂತರೆ ಬಿಸಿಯಾದ ಮೇಲೂ ತುಂಬಿಕೊಳ್ಳುವುದಿಲ್ಲ. ಮಟ್ಟ ತೀರಾ ಕಡಿಮೆಯಾದರೆ ಪಂಪು ಗಾಳಿಯನ್ನೂ ಎಳೆದುಕೊಳ್ಳಬಹುದು. ಗಾಳಿಯನ್ನು ಅಮುಕಬಹುದು, ಆಯಿಲನ್ನು ಅಮುಕಲಾಗದು. ಗುಳ್ಳೆ ಸೇರಿದ ಅಡ್ಜಸ್ಟರ್ ಆಗ ಕುಸಿಯುತ್ತದೆ. ಹೆದ್ದಾರಿಯಿಂದ ಇಳಿದ ಮೇಲೆ ನಿಮಗೆ ಕೇಳುವ ಟಿಕ್‌ಗೆ ಇದೇ ಕಾರಣ ಇರಬಹುದು. ಹಾಗೆಂದು ಮೇಲಿನ ಗುರುತು ದಾಟಿಸಿ ಸುರಿಯಬೇಡಿ, ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸಿದರೆ ಫಲ ಅದೇ.

ಇದೇ ವೇಷದಲ್ಲಿ ಬರುವ ಇನ್ನೊಂದು ತೊಂದರೆ, ಎಗ್ಜಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಯ್ಯುವ ಕೊಳವೆ) ಸೋರಿಕೆ. ಅದೂ ತಣ್ಣಗಿದ್ದಾಗ ಜೋರು, ಲೋಹ ಹಿಗ್ಗಿದ ಮೇಲೆ ಮೆತ್ತಗೆ, ಅದೂ ಸೆಕೆಂಡಿಗೆ ಏಳು. ಕಿವಿಗೆ ‘ಟಿಕ್’ಗಿಂತ ‘ಫಟ್ ಫಟ್’ ಎನ್ನಬೇಕು, ಭಾರ ಬಿದ್ದಾಗ ಹೆಚ್ಚಬೇಕು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭ. ಶಬ್ದ ಬರುತ್ತಿರುವಾಗ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಒಂದೊಂದರದೇ ಕನೆಕ್ಟರ್ ಎಳೆದು, ಶಬ್ದ ಗಮನಿಸಿ, ಮತ್ತೆ ಸಿಕ್ಕಿಸಿ. ಆ ಸಿಲಿಂಡರ್ ಉರಿಯುವುದು ನಿಂತಾಗ ಟಿಕ್ ಅಡಗಿದರೆ ಎಗ್ಜಾಸ್ಟ್, ಪಿಸ್ಟನ್, ರಾಡ್ ಕಡೆ ಹೋಗಿ; ಸ್ವಲ್ಪವೂ ಬದಲಾಗದಿದ್ದರೆ ವಾಲ್ವ್ ಕಡೆ. ಪ್ಲಗ್ ವಯರ್ ಎಳೆದು ಪರೀಕ್ಷಿಸುವ ಹಳೆಯ ಪದ್ಧತಿ ಬೇಡ: ನಿಮಗೆ ಶಾಕ್, ಉರಿಯದ ಪೆಟ್ರೋಲು ಕೆಳಗಿಳಿದು ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಕ್ಯಾಮ್ ಕವರಿನ ಉದ್ದಕ್ಕೂ ಇಟ್ಟು ಕೇಳಿ. ಬೆಲ್ಟು, ಫ್ಯಾನ್‌ಗಳಿಂದ ಕೈಯನ್ನೂ ಅಂಗಿಯ ತೋಳನ್ನೂ ದೂರವಿಡಿ. ಇಂಜೆಕ್ಟರುಗಳೂ ಟಿಕ್ ಎನ್ನುತ್ತವೆ. ನಾಲ್ಕೂ ಒಂದೇ ದನಿಯಲ್ಲಿದ್ದರೆ ಅವುಗಳ ಪಾಡಿಗೆ ಬಿಡಿ.

ಪ್ರಶ್ನೆ ಕೇಳಿದವರು: ನಾಲ್ಕು ಇಂಜೆಕ್ಟರ್‌ಗಳನ್ನೂ ಎಳೆದು ನೋಡಿದೆ, ಎಂಜಿನ್ ನಡುಗಿತು, ಟಿಕ್ ಬದಲಾಗಲಿಲ್ಲ. ಸ್ಕ್ರೂಡ್ರೈವರಿನಲ್ಲಿ ಎಗ್ಜಾಸ್ಟ್ ಬದಿಯ ಕ್ಯಾಮ್ ಕೆಳಗೆ, ಹಿಂಭಾಗದಲ್ಲಿ ಜೋರು. ಹಾಗಾದರೆ ಅಡ್ಜಸ್ಟರ್ ಬದಲಿಸಲೇ?

ಮೆಕ್ಯಾನಿಕ್: ಅವಸರವೇಕೆ? ಮೊದಲು ಆಯಿಲ್ ಮತ್ತು ಫಿಲ್ಟರ್. ಮೂರೂವರೆ ಲೀಟರಿನ ಆಸುಪಾಸು ಹಿಡಿಯುತ್ತದೆ, 10W-30 ದರ್ಜೆಯದು ಸಾಕು. ದುಬಾರಿ ಆಯಿಲ್ ಹಾಕಿ ಅಗ್ಗದ ಫಿಲ್ಟರ್ ಹಾಕುವವರನ್ನು ಕಂಡರೆ ನನಗೆ ತಲೆ ಬಿಸಿಯಾಗುತ್ತದೆ. ಈ ಕಾರಿನ ಫಿಲ್ಟರ್ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ಕೈ ಹೋಗದ ಜಾಗದಲ್ಲಿ ಅಡ್ಡಡ್ಡಲಾಗಿ ಕೂತಿದೆ. ಒಳಗೆ ಆಯಿಲ್ ಹಿಂದೆ ಹರಿಯದಂತೆ ತಡೆಯುವ ರಬ್ಬರ್ ಕವಾಟ ಸೊರಗಿದ್ದರೆ, ಪ್ರತಿ ಬೆಳಗ್ಗೆ ಪಂಪು ಮೊದಲು ಫಿಲ್ಟರ್ ತುಂಬಿಸಿ ಆಮೇಲೆ ಅಡ್ಜಸ್ಟರ್ ಕಡೆ ಹೋಗಬೇಕಾಗುತ್ತದೆ.

ಬದಲಿಸಿದ ಮೇಲೆ ಎಂಜಿನ್ ಪೂರ್ತಿ ಬಿಸಿಮಾಡಿ, 2000ದಿಂದ 3000 ಸುತ್ತಿನ ನಡುವೆ ಸ್ವಲ್ಪ ದೂರ ಓಡಿಸಿ. ಗಾಳಿ ಹೊರಬರಲು ಸಮಯ ಕೊಡಿ. ಒಂದೇ ದಿನದಲ್ಲಿ ಪವಾಡ ನಿರೀಕ್ಷಿಸಬೇಡಿ.

ಪ್ರಶ್ನೆ ಕೇಳಿದವರು: ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಬಿಸಿಯಾದ ಮೇಲೆ ಟಿಕ್ ಈಗ ಇಲ್ಲವೇ ಇಲ್ಲ. ಬೆಳಗ್ಗೆ ಮಾತ್ರ ತುಸು ಹೊತ್ತು ಕೇಳಿ ನಿಲ್ಲುತ್ತದೆ. ಅದನ್ನೂ ಸರಿಪಡಿಸಬೇಕೇ?

ಮೆಕ್ಯಾನಿಕ್: ಅದಕ್ಕಾಗಿಯೇ ದುಡ್ಡು ಸುರಿಯಬೇಡಿ. ಅಡ್ಜಸ್ಟರ್ ತೆಗೆಯಲು ಕ್ಯಾಮ್‌ಗಳು ಹೊರಬರಬೇಕು, ಕ್ಯಾಮ್ ಬರಲು ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಬಿಚ್ಚಬೇಕು. ಆ ಬೆಲ್ಟಿನ ಅವಧಿ 60,000 ಮೈಲಿ. ಹಿಂದಿನವರು ಆಯಿಲ್ ಬದಲಿಸಿದ ದಾಖಲೆಯೇ ಇಲ್ಲವೆಂದ ಮೇಲೆ ಬೆಲ್ಟಿನದು ಇದ್ದೀತೇ? ಅದನ್ನು ಬದಲಿಸುವ ದಿನ ಅಡ್ಜಸ್ಟರ್‌ಗಳನ್ನೂ ಹೊರತೆಗೆಸಿ, ಬೆರಳಲ್ಲಿ ಒತ್ತಿ ನೋಡಿ ಮೆತ್ತಗಿರುವವನ್ನು ಬದಲಿಸಿಬಿಡಿ. ಪ್ರತಿಯೊಂದೂ ಇದ್ದ ಜಾಗಕ್ಕೇ ಮರಳಬೇಕು, ಒಂದರದ್ದು ಇನ್ನೊಂದಕ್ಕೆ ಹೋಗಕೂಡದು.

ಮತ್ತೊಬ್ಬ ಸದಸ್ಯ: ನನ್ನದು 1999ರ ಮಿಯಾಟಾ. ಇದೇ ಟಿಕ್. ನಾನೂ ಆಯಿಲ್ ಬದಲಿಸಿದರೆ ಸಾಕೇ?

ಮೆಕ್ಯಾನಿಕ್: ಸಾಲದು. 1999ರ ಮಾದರಿಯಲ್ಲಿ ಹೈಡ್ರಾಲಿಕ್ ಅಡ್ಜಸ್ಟರೇ ಇಲ್ಲ, ವಾಲ್ವಿನ ಮೇಲಿನ ಗಟ್ಟಿ ಬಕೆಟ್ (ಬಟ್ಟಲಿನಂಥ ಟೋಪಿ) ಮೇಲೆ ಸಂದು ಹೊಂದಿಸುವ ಶಿಮ್ ಬಿಲ್ಲೆಗಳಿವೆ. ಎಂಜಿನ್ ತಣ್ಣಗಿದ್ದಾಗ ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ಹಾಕಿ ಕ್ಯಾಮಿಗೂ ಶಿಮ್ಮಿಗೂ ನಡುವಿನ ಸಂದನ್ನು ಅಳೆಯಿರಿ: ಇನ್‌ಟೇಕ್ 0.18ರಿಂದ 0.24 ಮಿಲಿಮೀಟರ್, ಎಗ್ಜಾಸ್ಟ್ 0.28ರಿಂದ 0.34. ಸಂದು ಅದಕ್ಕಿಂತ ಹೆಚ್ಚಿದ್ದಲ್ಲಿ ದಪ್ಪನೆಯ ಶಿಮ್ ಬೇಕು. ಹದಿನಾರೂ ವಾಲ್ವುಗಳ ಅಳತೆ ಬರೆದು ಇಲ್ಲಿ ಹಾಕಿ, ಆಮೇಲೆ ಮುಂದಿನದನ್ನು ನೋಡೋಣ.